ದಾಟಿದವರಿಗೆ ಒಂದು ಎಲೆ

ನಮ್ಮ ಮನೆಯ ಹೆಸರು ಯಾವ ಕಾಗದದಲ್ಲೂ ಇಲ್ಲ. ನನ್ನ ಆಧಾರ್ ಕಾರ್ಡಿನಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆಗೆ ಎರಡು ಇಂಗ್ಲಿಷ್ ಅಕ್ಷರಗಳಿವೆ. ಒಂದು ಊರಿನದು, ಒಂದು ಅಪ್ಪನದು. ಡಿಪ್ಲೊಮಾ ಓದುವಾಗ ಬೇರೆ ಸೀಮೆಯ ಗೆಳತಿಯರು ಸರ್‌ನೇಮ್ ಏನು ಅಂತ ಕೇಳಿದರೆ ನಾನು ಸತ್ತೇಗಾಲ ಅಂದುಬಿಡುತ್ತಿದ್ದೆ. ಊರಲ್ಲಿ ಮಾತ್ರ ಆ ಅಕ್ಷರಗಳು ಯಾರಿಗೂ ಬೇಕಿಲ್ಲ. ಹಾಲಿನ ಡೈರಿಯಲ್ಲಿ, ಮದುವೆ ಚಪ್ಪರದಲ್ಲಿ, ಗದ್ದೆಗೆ ನೀರು ಬಿಡುವ ಸರದಿಯಲ್ಲಿ ನಾವು ಹರಿಗೋಲು ಮನೆಯವರು. ಊರ ಬಾಯಲ್ಲಿ ಅದು ‘ಅರಗೋಲ್ ಮನೆ’.

ನಾವು ಮೀನು ಹಿಡಿಯುವವರಲ್ಲ, ಬೇಸಾಯದವರು. ಹಿಂದೆ ಕಾವೇರಿಯ ನಡುಗಡ್ಡೆಯೊಂದರಲ್ಲಿ ನಮ್ಮ ಹೊಲವಿತ್ತಂತೆ. ಅಲ್ಲಿಗೆ ಹೋಗಿಬರಲು ಒಂದು ಹರಿಗೋಲು ಇತ್ತಂತೆ. ಊರಿನಲ್ಲಿ ಸ್ವಂತ ಹರಿಗೋಲು ಇದ್ದ ಬೇಸಾಯದ ಮನೆ ಅದೊಂದೇ, ಹಾಗಾಗಿ ಆ ಹೆಸರು. ಅಪ್ಪ ಅದನ್ನು ಕಂಡವನಲ್ಲ. ಅಪ್ಪನ ಅಪ್ಪನೂ ಕಂಡಿರಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಮನೆಯಲ್ಲಿ ಇದ್ದದ್ದು ಹೆಸರು ಮತ್ತು ಒಂದು ಎಲೆ.

ಆ ಎಲೆಯ ವಿಷಯ ಹೇಳಬೇಕು. ಹಿರೀಕರ ಹಬ್ಬದ ದಿನ, ಅಂದರೆ ಮಹಾಲಯ ಅಮಾವಾಸ್ಯೆಗೆ, ಎಲ್ಲರ ಮನೆಯಲ್ಲೂ ತೀರಿಹೋದವರಿಗೆ ಎಡೆ ಇಡುತ್ತಾರೆ. ಬಾಳೆಲೆ ಹಾಸಿ, ಅನ್ನ, ಸಾರು, ಕಜ್ಜಾಯ, ವಡೆ, ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಆಮೇಲೆ ಒಳಗೆ ಬಂದು ಆ ಎಡೆಯನ್ನು ನಾವೇ ಊಟ ಮಾಡುತ್ತೇವೆ. ನಮ್ಮ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಎಲೆ, ಉಳಿದ ಎಲೆಗಳಿಂದ ಒಂದು ಮೊಳ ದೂರ, ಮೂಡಲ ಬಾಗಿಲಿಗೆ ಎದುರಾಗಿ ಬೀಳುತ್ತದೆ. ಅದು ಸತ್ತವರಿಗಲ್ಲ. ಯಾವುದೋ ಕಾಲದಲ್ಲಿ ಅಣ್ಣ ತಮ್ಮಂದಿರಲ್ಲಿ ತಮ್ಮ ಮುನಿಸಿಕೊಂಡು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೂಡಲ ಸೀಮೆಗೆ ಹೊರಟುಹೋದನಂತೆ. ಅವರ ಕಡೆಯವರಿಗೆ ಆ ಎಲೆ. ಅದನ್ನು ನಾವು ಮುಟ್ಟುವ ಹಾಗಿಲ್ಲ. ಅದೇ ಮನೆ ಹೆಸರಿನವರು, ಆದರೆ ಬೇರೆ ಒಲೆಯಲ್ಲಿ ಉಣ್ಣುವವರು ಬಂದು ತಿನ್ನಬೇಕು. ಯಾರೂ ಬರದಿದ್ದರೆ ಹಸುವಿಗೆ. ನನಗೆ ತಿಳಿದಾಗಿನಿಂದ ಪ್ರತಿವರ್ಷ ಹಸುವೇ ತಿಂದಿದೆ. ನಮ್ಮ ಹಸುವಿಗೆ ಆ ದಿನ ಗೊತ್ತು. ಧೂಪದ ವಾಸನೆ ಬಂದರೆ ಕೊಟ್ಟಿಗೆಯಿಂದ ಕತ್ತು ಹೊರಗೆ ಹಾಕಿ ಕಾಯುತ್ತದೆ.

ಹೋದ ವರ್ಷದ ಹಬ್ಬದಲ್ಲಿ ಹಸು ಎಲೆ ಮುಗಿಸುವುದನ್ನೇ ನೋಡುತ್ತ ಅಪ್ಪ ಹೇಳಿದ: “ಬರೋ ವರ್ಷಕ್ಕೆ ಇದ ನಿಲ್ಲುಸ್ಬುಡವ. ಕಾಯಿ ಒಡ್ದು ಯೋಳ್ಬುಟ್ರೆ ಆಯ್ತು.”

ನಿಲ್ಲಿಸಲೂ ಒಂದು ಕ್ರಮವಿದೆ. ಹೊಳೆಯ ದಡದಲ್ಲಿ ಕಾಯಿ ಒಡೆದು, ಇನ್ನು ನಮ್ಮ ಕೈಲಾಗದು ಅಂತ ಹಿರಿಯರಿಗೆ ತಿಳಿಸಿಬಿಡುವುದು. ಒಮ್ಮೆ ಹೇಳಿದ ಮೇಲೆ ಮತ್ತೆ ಇಡುವ ಹಾಗಿಲ್ಲ.

“ಯಾಕಪ್ಪ?” ಅಂದೆ.

“ನಿಮ್ಮಕ್ಕ ಮಾಂಬಳ್ಳಿಗೆ ಓದ್ಲು. ನಾಳೀಕೆ ನೀನೂ ಓಗೋಳೆ. ಆಮೇಲೆ ಇಕ್ಕೋರ್ ಯಾರು? ನಾನ್ ಓದ ವರ್ಷ ಸುಮ್ನೆ ತಪ್ಪೋಗದ್ಕಿಂತ ನಾನೇ ಯೋಳಿ ನಿಲ್ಸುದ್ರೆ ಮರ್ವಾದಿ.”

ಅಪ್ಪನಿಗೆ ನಾವು ಇಬ್ಬರೇ, ಅಕ್ಕ ಮತ್ತು ನಾನು. ಗಂಡುಮಕ್ಕಳಿಲ್ಲ ಅಂತ ಅಪ್ಪ ಎಂದೂ ಬಾಯಿಬಿಟ್ಟು ಕೊರಗಿದವನಲ್ಲ. ಅವತ್ತೂ ಕೊರಗಲಿಲ್ಲ, ಪಂಪ್‌ಸೆಟ್ ಕೆಟ್ಟಿದೆ ಅನ್ನುವ ದನಿಯಲ್ಲೇ ಹೇಳಿದ. ನನಗೆ ಆ ಎಲೆಯ ಮೇಲೆ ಚಿಕ್ಕಂದಿನಿಂದ ಒಂದು ಆಸೆ. ಅದರ ಮುಂದೆ ಒಬ್ಬ ಮನುಷ್ಯ ಕೂತು ಉಂಡದ್ದನ್ನು ನೋಡಬೇಕು, ಅಷ್ಟೆ.

“ಬರೋ ಹಬ್ಬದ ತನಕ ತಡಿ, ನಾನು ಹುಡುಕ್ತೀನಿ” ಅಂದೆ.

“ಎಲ್ಲಿ ಅಂತ ಉಡುಕಿಯೆಮ್ಮಿ? ಆ ಎಸ್ರು ಓಟರ್ ಲಿಸ್ಟಲ್ಲಿ ಇದ್ದದಾ?”

“ಬಾಯಲ್ಲಿ ಇರ್ತದಲ್ಲ.”

“ಸರಿ, ಒಂದೊರ್ಸ” ಅಂದ ಅಪ್ಪ.

*

ನನ್ನ ಕೆಲಸ ಕೊಳ್ಳೇಗಾಲದ ಹೊರಗಿನ ಒಂದು ಚಾಕಿ ಕೇಂದ್ರದಲ್ಲಿ. ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದ ಮೊದಲ ದಿನಗಳು ಬಹಳ ನಾಜೂಕು. ಆ ಮರಿಗಳನ್ನು ನಾವು ಸಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ಟ್ರೇಗಳಲ್ಲಿ ಜೋಡಿಸಿ ವ್ಯಾನಿನಲ್ಲಿ ರೈತರ ಮನೆಗೆ ಮುಟ್ಟಿಸುತ್ತೇವೆ. ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ನಿಲ್ಲುತ್ತದೆ. ಅದನ್ನು ಜ್ವರ ಅನ್ನುತ್ತಾರೆ. ಎರಡನೇ ಜ್ವರ ಎದ್ದ ಹುಳುವನ್ನು ತಡಮಾಡದೆ ಸಾಗಿಸಬೇಕು. ತಾರೀಕು, ಹೊತ್ತು, ಕೋಣೆಯ ಬಿಸಿ, ಟ್ರೇ ಎಷ್ಟು, ಯಾವ ಊರಿಗೆ, ಎಲ್ಲವನ್ನೂ ಬರೆದಿಡುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಅದೇ ಚಾಳಿ. ನನ್ನ ಡೈರಿಯಲ್ಲಿ ಹಸುವಿನ ಹಾಲಿನಿಂದ ಹಿಡಿದು ಅಮ್ಮನ ತಲೆನೋವಿನವರೆಗೆ ಎಲ್ಲಕ್ಕೂ ತಾರೀಕಿದೆ.

ಹಾಗಾಗಿ ಹುಡುಕಾಟಕ್ಕೂ ಒಂದು ಪದ್ಧತಿ ಮಾಡಿಕೊಂಡೆ. ವ್ಯಾನು ಒಂದು ದಿನ ಯಳಂದೂರಿನ ಕಡೆ, ಒಂದು ದಿನ ಹನೂರಿನ ಕಡೆ, ಉಳಿದ ದಿನ ಕೊಳ್ಳೇಗಾಲದ ಸುತ್ತ. ಹೋದ ಊರಲ್ಲೆಲ್ಲ ಹುಳು ಇಳಿಸಿದ ಮೇಲೆ ಮನೆಯ ಯಜಮಾನನನ್ನು ಒಂದೇ ಪ್ರಶ್ನೆ ಕೇಳುವುದು: ಈ ಊರಲ್ಲಿ ಹರಿಗೋಲು ಮನೆ ಅಂತ ಯಾವುದಾದರೂ ಇದೆಯಾ? ಉತ್ತರ ಇಲ್ಲ ಅಂತ ಬಂದರೆ ಡೈರಿಯಲ್ಲಿ ಊರಿನ ಹೆಸರು ಬರೆದು ಮುಂದೆ ಒಂದು ಸೊನ್ನೆ.

ವ್ಯಾನಿನ ಡ್ರೈವರಣ್ಣನಿಗೆ ಇದು ದೊಡ್ಡ ತಮಾಷೆ. ಗಡಿ ಕಡೆಯ ಊರಿನವನು, ಅರ್ಧ ತಮಿಳಲ್ಲಿ ಅರ್ಧ ಕನ್ನಡದಲ್ಲಿ ಮಾತು. “ಏನಮ್ಮಣಿ, ಇವತ್ತು ಎಷ್ಟು ಮುಟ್ಟೆ ಹಾಕ್ದೆ?” ಅನ್ನುತ್ತಿದ್ದ. ಸೊನ್ನೆಗೆ ಅವನು ಇಟ್ಟ ಹೆಸರು ಮುಟ್ಟೆ, ತಮಿಳಲ್ಲಿ ಮೊಟ್ಟೆ. “ನಮ್ ಕೇಂದ್ರದಲ್ಲಿರೋ ಮುಟ್ಟೆ ಸಾಲ್ದು ಅಂತ ನೀನ್ ಬೇರೆ ಇಡ್ತಾ ಇದೀಯಾ.”

ಹರಿಗೋಲು ಸಿಗಲಿಲ್ಲ, ಬೇರೆ ಹೆಸರುಗಳು ರಾಶಿ ರಾಶಿ ಸಿಕ್ಕವು. ಕೇಳಿದವರು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. “ಅರಗೋಲ್ ಇಲ್ಲ ಕಣವ್ವ, ಗಾಣದ ಮನೆ ಅದೆ, ಆಯ್ತದಾ?” ಅಂತ ಒಬ್ಬರು. ಏತದ ಮನೆ, ತೂಬಿನ ಮನೆ, ಬಂಡಿ ಮನೆ, ಕೊಪ್ಪರಿಗೆ ಮನೆ. ಬರೆದುಕೊಳ್ಳುತ್ತ ಹೋದ ಹಾಗೆ ನನಗೊಂದು ವಿಷಯ ಹೊಳೆಯಿತು. ತೂಬಿನ ಮನೆಗಳು ಯಳಂದೂರಿನ ಕಡೆ ಕೆರೆಗಳ ಹಿಂದೆ ಹಿಂದೆಯೇ ಸಿಗುತ್ತವೆ. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಮನೆಗಳು ಕಬ್ಬು ಇರುವ ಕಡೆಯೇ. ಹನೂರು ದಾಟಿದರೆ ಹಟ್ಟಿ, ದೊಡ್ಡಿ, ಕುರಿಯ ಹೆಸರುಗಳು. ವಸ್ತು ಎಲ್ಲಿದೆಯೋ ಹೆಸರು ಅಲ್ಲಿ. ಹಾಗಾದರೆ ಹರಿಗೋಲು ಹೊಳೆಯ ದಡ ಬಿಟ್ಟು ಎಲ್ಲಿಗೆ ಹೋದೀತು ಅಂತ ನಾನು ದಡದ ಊರುಗಳನ್ನೇ ಮತ್ತೆ ಮತ್ತೆ ಕೇಳಿದೆ. ಅಲ್ಲಿಯೂ ಸೊನ್ನೆ.

ಮಾಂಬಳ್ಳಿಗೆ ಹೋದಾಗಲೆಲ್ಲ ಅಕ್ಕನ ಮನೆಯಲ್ಲಿ ಊಟ. ಅವಳ ಅತ್ತೆ, ಮಾವ, ಓರಗಿತ್ತಿಯರು, ಎಲ್ಲರಿಗೂ ನನ್ನ ಹುಡುಕಾಟ ಗೊತ್ತಿತ್ತು.

“ಈ ಊರಲ್ಲೂ ಕೇಳ್ದಾ?” ಅಂದಳು ಅಕ್ಕ, ಮುದ್ದೆ ಕಟ್ಟುತ್ತ.

“ಕೇಳಿದೆ. ಇಲ್ಲ ಅಂದ್ರು. ಸೊನ್ನೆ ಹಾಕ್ದೆ.”

“ಸೊನ್ನೆಯಾ? ನಾನ್ ಇಲ್ಲೇ ಕೂತಿವ್ನಲ್ಲ, ಕಣ್ ಕಾಣ್ದಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ. ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ ಸಾರಿನ ಸೌಟು ಹುಡುಕಿದಳು. ಅವಳು ಹೇಳಿದ್ದು ಏನೆಂದು ನನಗೆ ಅವತ್ತು ತಲೆಗೆ ಹೋಗಲಿಲ್ಲ.

*

ಅಜ್ಜೀಪುರಕ್ಕೆ ಮೊದಲು ಹೋದದ್ದು ಬೇಸಿಗೆಯ ಬೆಳೆಗೆ. ಹನೂರು ದಾಟಿ ಬೆಟ್ಟದ ಕಡೆ ಹೋಗುವ ರಸ್ತೆ. ಅವತ್ತು ಹುಳು ಇಳಿಸಿದ ಮನೆಯವರು ಹಿಪ್ಪುನೇರಳೆಗೆ ಬೋರ್‌ವೆಲ್ ನಂಬಿದವರು. ಗಂಡ ಟ್ರೇ ಎಣಿಸಿ ತೆಗೆದುಕೊಂಡ. ಹೆಂಡತಿ, ಅಪ್ಪನ ವಯಸ್ಸಿನ ಆಸುಪಾಸಿನವಳು, ಹುಳುಮನೆಯೊಳಗೆ ಕಾಗದ ಹಾಸುತ್ತಿದ್ದಳು. ನಾನು ಎಂದಿನಂತೆ ಯಜಮಾನನನ್ನು ಕೇಳಿದೆ.

ಅವನು ಡ್ರೈವರಣ್ಣನ ಮುಖ ನೋಡಿ ಜೋರಾಗಿ ನಕ್ಕ. “ಅರಗೋಲಾ? ಇಲ್ಲಿ ಬಿಂದಿಗೆ ಮುಳ್ಗಕ್ಕೆ ನೀರಿಲ್ಲ ಕಣವ್ವ! ಯಾವೂರ್ದು ನಿಂದು?”

“ಸತ್ತೇಗಾಲ.”

“ಅದ್ಕೇ ಮತ್ತೆ. ಒಳೆ ದಡದೋರ್ಗೆ ಎಲ್ಲೆಲ್ಲೂ ನೀರೇ ಕಾಣ್ತದೆ.”

ಹೆಂಡತಿ ಒಳಗಿನಿಂದ ಒಮ್ಮೆ ಹೊರಗೆ ಬಂದು ನನ್ನನ್ನು ನೋಡಿದಳು. ಏನೋ ಬೇಕಿತ್ತೇನೋ ಅಂದುಕೊಂಡೆ. ಮತ್ತೆ ಒಳಗೆ ಹೋದಳು. ವ್ಯಾನು ಹತ್ತಿ ಡೈರಿ ತೆಗೆದು ಅಜ್ಜೀಪುರ ಅಂತ ಬರೆದು ಸೊನ್ನೆ ಹಾಕಿದೆ. ಒಣ ಸೀಮೆ, ಇನ್ನು ಈ ಕಡೆ ಕೇಳುವ ಅಗತ್ಯವಿಲ್ಲ ಅಂತಲೂ ಬರೆದೆ.

ಮುಂದಿನ ಬೆಳೆಗೆ ಅದೇ ಮನೆಗೆ ಮತ್ತೆ ಹುಳು ಒಯ್ದೆವು. ಆಗ ಮುಂಗಾರು ಕಟ್ಟಿತ್ತು, ಹಬ್ಬಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ. ಗಂಡ ಸಂತೆಗೆ ಹೋಗಿದ್ದ. ಡ್ರೈವರಣ್ಣ ವ್ಯಾನಿನ ಚಕ್ರ ಒದ್ದು ನೋಡುತ್ತ ಹೊರಗೇ ನಿಂತ. ಹುಳುಮನೆಯಲ್ಲಿ ನಾವಿಬ್ಬರೇ. ಅವಳು ಸೊಪ್ಪನ್ನು ಸಣ್ಣಗೆ ಹೆಚ್ಚಿ ಹುಳುಗಳ ಮೇಲೆ ಉದುರಿಸುತ್ತಿದ್ದಳು. ನಾನು ಬಿಸಿ ಎಷ್ಟಿದೆ ಅಂತ ಗೋಡೆಯ ಮೀಟರ್ ನೋಡಿ ಬರೆದುಕೊಳ್ಳುತ್ತಿದ್ದೆ. ಅವಳು ತಲೆ ಎತ್ತದೆ ಕೇಳಿದಳು:

“ನಿಮ್ಮಟ್ಟೀಲಿ ಆ ಎಲೆ ಇನ್ನೂ ಇಕ್ಕೀರಾ?”

ನಾನು ಪೆನ್ನು ಹಿಡಿದುಕೊಂಡು ಹಾಗೇ ನಿಂತೆ. ಎಲೆಯ ವಿಷಯ ನಾನು ಯಾವ ಊರಲ್ಲೂ ಯಾರಿಗೂ ಹೇಳಿರಲಿಲ್ಲ. ಡ್ರೈವರಣ್ಣನಿಗೂ ಗೊತ್ತಿರಲಿಲ್ಲ.

“ಯಾವ ಎಲೆ?” ಅಂದೆ.

“ಬಾಗಿಲ್‌ಗೆ ಎದುರ್‌ಗೆ. ಒಂದ್ ಮೊಳ ದೂರ. ನಾವ್ ಪಡುವಲ ಬಾಗಿಲ್‌ಗೆ ಇಕ್ತಿದ್ದೋ. ನೀವ್ ಎತ್ತಗೆ?”

“ಮೂಡಲಕ್ಕೆ.”

ಅವಳು ಹೂಂ ಅಂದಳು. ಸೊಪ್ಪು ಉದುರಿಸುವುದನ್ನು ನಿಲ್ಲಿಸಲಿಲ್ಲ. ಹುಳು ಮೇಯುವ ಸದ್ದು, ಸಣ್ಣ ತುಂತುರು ಮಳೆಯಂಥದ್ದು, ಕೋಣೆಯ ತುಂಬ ಇತ್ತು.

“ಅವತ್ತು ಕೇಳ್ದಾಗ ಯಾಕೆ ಹೇಳ್ಲಿಲ್ಲ?” ಅಂದೆ.

“ನೀನ್ ಮನೆ ಅದಾ ಅಂದೆ. ಮನೆ ಇಲ್ಲ. ಸುಮ್ಗಾದೆ.”

*

ಅವಳು ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಇಡುತ್ತೇನೆ. ಅವಳು ಹೇಳಿದ್ದು ಹೀಗೆ ಕ್ರಮವಾಗಿ ಅಲ್ಲ. ಹುಳುವಿಗೆ ಸೊಪ್ಪು ಹಾಕುತ್ತ, ನನಗೆ ಟೀ ಇಡುತ್ತ, ನಡುನಡುವೆ ಬಾಗಿಲ ಕಡೆ ನೋಡುತ್ತ.

ಅವಳು ಅಜ್ಜೀಪುರದಲ್ಲೇ ಹುಟ್ಟಿ ಅಜ್ಜೀಪುರದಲ್ಲೇ ಮದುವೆಯಾದವಳು. ಎರಡು ಬೀದಿ ಆಚೆ ಅವಳ ತವರುಮನೆ ಇತ್ತು. ಆ ಮನೆಗೆ ಊರವರು ಹರಿಗೋಲು ಮನೆ ಅನ್ನುತ್ತಿದ್ದರು. ಯಾಕೆ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಮಳೆ ಬಿದ್ದು ಹಳ್ಳದಲ್ಲಿ ನೀರು ಹರಿದರೆ ಹುಡುಗರು ಅವಳ ಮನೆ ಮುಂದೆ ಬಂದು “ಲೇ ಅರಗೋಲೋರೇ, ಬನ್ರೋ, ನಿಮ್ ಗಾಡಿ ಇಳುಸ್ರೋ!” ಅಂತ ಕೂಗುತ್ತಿದ್ದರಂತೆ. ಅವಳು ಅಳುತ್ತ ಅಜ್ಜನ ಹತ್ತಿರ ಹೋದರೆ ಅಜ್ಜ, “ಕೂಗ್ಲಿ ಬುಡು, ಮರ್ತೋಗ್ಬಾರ್ದು ಅಂತ ಕೂಗ್ತಾವೆ” ಅನ್ನುತ್ತಿದ್ದನಂತೆ.

ಅವಳಿಗಿದ್ದ ಒಬ್ಬನೇ ಅಣ್ಣ ಮದುವೆಯಾಗಲಿಲ್ಲ. ಅವನು ತೀರಿಕೊಂಡ ಮೇಲೆ ಮನೆಯ ಜಾಗ ಬೇರೆಯವರ ಪಾಲಾಯಿತು. ಈಗ ಅಲ್ಲಿ ಸಿಮೆಂಟು ಅಂಗಡಿ. ಈಗಿನವರು ಅದನ್ನು ಸಿಮೆಂಟ್ ಅಂಗಡಿ ಅನ್ನುತ್ತಾರೆ. ಹರಿಗೋಲು ಅನ್ನುವ ಮಾತು ಊರ ಬಾಯಿಂದ ಬಿದ್ದುಹೋಯಿತು. ಅವಳ ಗಂಡನಿಗೂ ಅದು ಮಕ್ಕಳ ಕೂಗಿನ ಹಾಗೆ ಎಲ್ಲೋ ಕೇಳಿದ ನೆನಪು, ಅಷ್ಟೆ. ನಾನು ಕೇಳಿದಾಗ ಅದು ಹೆಂಡತಿಯ ತವರಿನ ಹೆಸರು ಅಂತ ಅವನಿಗೆ ಹೊಳೆಯಲಿಲ್ಲ. ಅವಳನ್ನು ಎಲ್ಲರೂ ಕರೆಯುವುದು ಗಂಡನ ಮನೆಯ ಹೆಸರಿಂದ. ನಾನು ಎಲ್ಲ ಊರಲ್ಲೂ ಮನೆಗಳನ್ನು ಕೇಳಿದೆ, ಗಂಡಸರನ್ನು ಕೇಳಿದೆ. ಆ ಮನೆಗಳಲ್ಲಿ ಹುಟ್ಟಿ ಬೇರೆ ಹೆಸರಿನ ಅಡಿಗೆಮನೆಗಳಲ್ಲಿ ನಿಂತಿರುವ ಹೆಂಗಸರನ್ನು ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಅಕ್ಕ ಮುದ್ದೆ ಕಟ್ಟುತ್ತ ಹೇಳಿದ್ದು ಆಗ ನೆನಪಾಯಿತು.

“ನಿಮ್ಮೋರು ಮುನಿಸ್ಕೊಂಡು ಹೋದ್ರು ಅಂತಾರೆ ನಮ್ಮನೇಲಿ” ಅಂದೆ.

ಅವಳಿಗೆ ಆಶ್ಚರ್ಯವಾಯಿತು. “ಮುನಿಸಾ? ಯಾರ್ ಯೋಳುದ್ರು? ಒಳೆ ಬಂದು ಗಡ್ಡೆ ಒಲ ಕೊಚ್ಕೊಂಡು ಓಯ್ತು. ಅರಗೋಲೂ ಓಯ್ತು. ಎಲ್ರಿಗೂ ಸಾಲೋ ಅಷ್ಟು ರಾಗಿ ಇರ್ಲಿಲ್ಲ. ಅಣ್ಣ ಅನ್ನೋನು, ನೀ ಮೂಡಲಕ್ಕೋಗಿ ಬದ್ಕಿರು, ನೀರ್ ಇಳುದ್ಮೇಲೆ ಕರೀತೀನಿ ಅಂದ. ಅದ್ಕೇ ಬಂದ್ರು.”

“ಆಮೇಲೆ?”

“ಆಮೇಲೇನು. ಕಾದ್ರು.”

ಕಾಯುತ್ತಲೇ ಅವಳ ಮನೆಯವರು ಪ್ರತಿ ಹಿರೀಕರ ಹಬ್ಬಕ್ಕೂ ಪಡುವಲ ಬಾಗಿಲಿಗೆ ಎದುರಾಗಿ ಒಂದು ಎಲೆ ಇಟ್ಟರು, ಕರೆಯಲು ಬರುವವರಿಗೆ ಅಂತ. ಯಾರೂ ಬರದಿದ್ದರೆ ಅವರಲ್ಲೂ ಹಸುವಿಗೆ. ಅವಳ ಅಣ್ಣ ಇರುವವರೆಗೆ ಅದು ನಡೆಯಿತು. ಗಂಡನ ಮನೆಯಲ್ಲಿ ತವರಿನ ಎಲೆ ಇಡುವ ಹಾಗಿಲ್ಲ, ಹಾಗಾಗಿ ಅವಳಿಗೆ ಇಡಲಾಗಲಿಲ್ಲ.

“ನಮ್ ಕಡೆದು ನಿಂತೋಯ್ತು” ಅಂದಳು. “ನಿಮ್ ಕಡೆದಾದ್ರೂ ಅದಲ್ಲ. ಅಷ್ಟು ಸಾಕು ಬುಡು.”

ಈ ವರ್ಷ ನಮ್ಮದೂ ನಿಲ್ಲುತ್ತದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಟೀ ಕುಡಿದು ಎದ್ದೆ. ವ್ಯಾನಿನಲ್ಲಿ ಡ್ರೈವರಣ್ಣ, “ಇನ್ನೊಂದು ಮುಟ್ಟೆಯಾ?” ಅಂದ. ನಾನು ಡೈರಿ ತೆಗೆಯಲೇ ಇಲ್ಲ. ಅವನು ನನ್ನ ಮುಖ ನೋಡಿ ರೇಡಿಯೋ ಸದ್ದು ತಗ್ಗಿಸಿದ.

*

ಮನೆಗೆ ಬಂದು ಹೇಳಿದಾಗ ಅಪ್ಪ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಚೊಂಬು ಕೆಳಗಿಟ್ಟು ಜಗಲಿಯ ಮೇಲೆ ಕೂತ. ಎಲ್ಲವನ್ನೂ ಕೇಳಿದ. ಎಲೆಯ ದಿಕ್ಕು ಹೇಳಿದಾಗ ಒಮ್ಮೆ ಬಾಗಿಲ ಕಡೆ ನೋಡಿದ. ಕೊನೆಗೆ ಅಂದ:

“ಗಂಡುಸ್ರು ಯಾರೂ ಇಲ್ವಾ?”

“ಇಲ್ಲ.”

“ಮತ್ತೆ ಎಂಗಾದದು? ಕೊಟ್ಟ ಎಣ್ಣುಗೆ ಆ ಎಸ್ರು ಎಲ್ಲದು? ಅವ್ಳು ಈಗ ಬೇರೆ ಮನೆಯವ್ಳು.”

“ಬೇರೆ ಒಲೇಲಿ ಉಣ್ಣೋರು ಅಂತ ನೀನೇ ಹೇಳ್ತೀಯಲ್ಲಪ್ಪ.”

“ಒಲೆ ಬೇರೆ ಇರ್ಬೇಕು, ಎಸ್ರು ಒಂದೇ ಇರ್ಬೇಕು. ಎಸ್ರು ಇಲ್ವಲ್ಲ.”

ನನ್ನ ಜಾತಕ ಆಗಲೇ ಎರಡು ಕಡೆ ಹೋಗಿತ್ತು. ಯಾವುದೋ ಊರಿನ ಯಾವುದೋ ಮನೆಯ ಹೆಸರು ಸದ್ಯದಲ್ಲೇ ನನ್ನ ಮೇಲೆ ಬೀಳುವುದಿತ್ತು. ಅಕ್ಕನ ಮೇಲೆ ಬಿದ್ದಾಗಿತ್ತು. ನಾನು ಹುಡುಕಿಕೊಂಡು ಹೋದ ಹೆಸರು ನನ್ನಲ್ಲೇ ಎಷ್ಟು ದಿನ ಇರುತ್ತದೆ ಅನ್ನುವುದು ಅಪ್ಪನ ಬಾಯಿಂದ ಬಂದಾಗ ಮಾತ್ರ ಕಿವಿಗೆ ಬಿತ್ತು.

ಅಮ್ಮ ಒಳಗಿನಿಂದ, “ಮಾಂಬಳ್ಳಿಗೆ ಫೋನ್ ಮಾಡಿ ಈ ಮಾತ ಅವ್ಳಿಗೂ ಯೋಳಿ, ನೋಡವ” ಅಂದಳು. ಅಪ್ಪ ಎದ್ದು ಕೊಟ್ಟಿಗೆ ಕಡೆ ಹೋದ. ಆದರೆ ಅಕ್ಕನಿಗೆ ಸುದ್ದಿ ಹೇಗೋ ಮುಟ್ಟಿತು. ಮಾರನೆಯ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ಅಪ್ಪ ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿತು.

“ಅಪ್ಪ, ನಂಗೆ ಆ ಎಸ್ರು ಇಲ್ವಂತೆ?”

“ಅಂಗಲ್ಲ ಕಣಮ್ಮಿ…”

“ಮತ್ತೆ ಯುಗಾದಿಗೆ ನಂಗೆ ಸೀರೆ ಯಾವ್ ಎಸ್ರುಗೆ ತಂದೆ? ಈಸ್ಕಂಡು ಓಗು ಬಾ.”

ಅಪ್ಪ ಫೋನನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ, ನಾನೇನಾದರೂ ಹೇಳಿ ಬಿಡಿಸುತ್ತೇನೇನೋ ಅನ್ನುವ ಹಾಗೆ. ನಾನು ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೊರಟೆ.

ಅದಾದ ಮೇಲೆ ಅಪ್ಪ ಆ ವಿಷಯ ಎತ್ತಲಿಲ್ಲ. ಕಾಯಿ ಒಡೆಯುವ ಮಾತೂ ಆಡಲಿಲ್ಲ, ಎಲೆ ಇಡುವ ಮಾತೂ ಆಡಲಿಲ್ಲ. ಒಂದು ಸಂಜೆ ನಾನು ಬಸ್ಸಿಳಿದು ಬರುವಾಗ ಅಪ್ಪ ಹೊಳೆಯ ದಾರಿಯಿಂದ ಬರುವುದು ಕಂಡಿತು. ಆ ಕಡೆ ನಮಗೆ ಗದ್ದೆಯಿಲ್ಲ. ಪಂಚೆಯ ಅಂಚು ಒದ್ದೆಯಾಗಿತ್ತು.

“ಅಜ್ಜೀಪುರಕ್ಕೆ ಮತ್ತೆ ಯಾವಾಗ ಓದಿಯೆ?” ಅಂದ.

“ಸೋಮವಾರ.”

ಸ್ವಲ್ಪ ದೂರ ಜೊತೆಗೆ ನಡೆದೆವು. ಮನೆ ಹತ್ತಿರ ಬಂದಾಗ ಹೇಳಿದ: “ಕರೀತೀವಿ ಅಂದು ಕರೀನೇ ಇಲ್ವಲ್ಲ ನಾವು. ನಾವು ಮುನಿಸು ಅಂತಿದ್ದೋ.” ಪಂಚೆಯ ಅಂಚು ಹಿಂಡುತ್ತ ಮತ್ತೆ ಅಂದ: “ನೀರ್ ಇಳುದದೆ, ಬರ್ಬೇಕಂತೆ ಅನ್ನು. ನಾನ್ ಅಂದೆ ಅನ್ನು.”

*

ಸೋಮವಾರ ಅವಳ ಗಂಡ ಮನೆಯಲ್ಲೇ ಇದ್ದ. ಅವನ ಎದುರಿಗೇ ಹೇಳಿದೆ. ಅವನು ನಗಲಿಲ್ಲ. ಹೆಂಡತಿಯ ಕಡೆ ತಿರುಗಿ, “ಅವತ್ತು ನಂಗ್ಯಾಕೆ ಯೋಳ್ಲಿಲ್ಲ ನೀನು?” ಅಂದ. “ನೀ ನಗ್ತಿದ್ದೆ” ಅಂದಳು ಅವಳು. ಅವನು ತಲೆ ಕೆರೆದುಕೊಂಡು ಹೊರಗೆ ಹೋಗಿ ಬೀಡಿ ಹಚ್ಚಿದ.

ಕಷ್ಟವೊಂದಿತ್ತು. ಅಮಾವಾಸ್ಯೆಯ ದಿನ ಅವಳ ಗಂಡನ ಮನೆಯಲ್ಲೂ ಎಡೆ. ಅದನ್ನು ಬಿಟ್ಟು ಬರುವ ಹಾಗಿಲ್ಲ. ಮಾರನೆಯ ದಿನವಾದರೆ ಬರಬಹುದು, ಆದರೆ ಮಾರನೆಯ ದಿನ ಎಲ್ಲಿಯ ಎಲೆ? ಅಪ್ಪನಿಗೆ ಫೋನ್ ಹಚ್ಚಿದೆ. ಅಪ್ಪ ತಡಮಾಡದೆ ಹೇಳಿದ: “ಅಮಾಸೆಗೆ ಇಕ್ಕುದ್ರೆ ಹಸ ತಿಂದದು. ಅವ್ಳು ಬಂದ ದಿನ ಇಕ್ಕವ.”

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಮಾತ್ರ ಎಡೆ ಬಿತ್ತು. ಬಾಗಿಲಿಗೆ ಎದುರಾಗಿ ಬರೀ ನೆಲ. ನನಗೆ ಭಯವಾಯಿತು. ಅವಳು ಬರದೆ ಹೋದರೆ ಎಲೆ ಆ ವರ್ಷಕ್ಕೆ ತಪ್ಪಿದ ಹಾಗೆಯೇ, ಅಪ್ಪ ಹೇಳಿದ ಮರ್ಯಾದೆಯೂ ಇಲ್ಲದೆ ತಪ್ಪಿದ ಹಾಗೆ. ಧೂಪದ ವಾಸನೆಗೆ ಹಸು ಕತ್ತು ಹೊರಗೆ ಹಾಕಿ ಕಾಯಿತು. ಅಪ್ಪ ಅದರ ಹಣೆ ತಟ್ಟಿ, “ಈ ವರ್ಷ ನಿಂಗಿಲ್ಲ ಕಣವ್ವ” ಅಂದ. ಅದಕ್ಕೆ ಅರ್ಥವಾಗಲಿಲ್ಲ. ಕತ್ತು ಒಳಗೆ ಎಳೆದುಕೊಳ್ಳಲೇ ಇಲ್ಲ. ಕೊನೆಗೆ ಅಮ್ಮ ಎರಡು ಕಜ್ಜಾಯ ಹಾಕಿ ಬಂದಳು.

ಮಾರನೆಯ ದಿನ ನಾನು ರಜೆ ಹಾಕಿದ್ದೆ. ಕೊಳ್ಳೇಗಾಲದ ಬಸ್ಸು ಬಂದಾಗಲೆಲ್ಲ ಅಪ್ಪ ಎದ್ದು ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದ. ಮೂರನೇ ಬಸ್ಸಿಗೆ ಅವಳು ಇಳಿದಳು. ಹಸಿರು ಸೀರೆ, ಕೈಯಲ್ಲಿ ಒಂದು ವೈರ್ ಬ್ಯಾಗು. ಅಪ್ಪನೂ ಅವಳೂ ಎದುರುಬದುರು ನಿಂತರು. ಮುಖದಲ್ಲಿ ಏನಾದರೂ ಹೋಲಿಕೆ ಇದೆಯೇ ಅಂತ ನಾನು ನೋಡಿದೆ. ಇರಲಿಲ್ಲ.

“ಬಾವ್ವ” ಅಂದ ಅಪ್ಪ. “ತಡವಾಗೋಯ್ತು.”

“ಹನೂರಲ್ಲಿ ಬಸ್ ನಿಲ್ಲುಸ್ಬುಟ್ಟ” ಅಂದಳು ಅವಳು.

ಅಪ್ಪ ಹೇಳಿದ್ದು ಬಸ್ಸಿನ ಮಾತಲ್ಲ. ಸರಿಪಡಿಸಲೂ ಇಲ್ಲ.

ಊಟಕ್ಕೆ ಮೊದಲು ಹೊಳೆ ನೋಡಬೇಕು ಅಂದಳು. ಬಸ್ಸಿನ ಕಿಟಕಿಯಿಂದ ಸೇತುವೆಯ ಮೇಲೆ ನೋಡಿದ್ದಳಂತೆ, ಇಳಿದು ಕಾಲಿಟ್ಟಿರಲಿಲ್ಲ. ಮೂವರೂ ತೆಂಗಿನ ತೋಟದ ದಾರಿಯಲ್ಲಿ ಹೋದೆವು. ಅಪ್ಪ ದಡದಲ್ಲಿ ನಿಂತು ನಡುವಿನ ಬಂಡೆಗಳನ್ನೂ ಜೊಂಡನ್ನೂ ತೋರಿಸಿ, “ಅಲ್ಲೇ ಎಲ್ಲೋ ಅಂತಿದ್ರು” ಅಂದ. ಅದೇ ನಡುಗಡ್ಡೆ ಅಂತ ಅವನಿಗೂ ಖಾತ್ರಿಯಿಲ್ಲ. ಅವಳು ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. ಆಮೇಲೆ ತಿರುಗಿ ನೋಡದೆ ಹೇಳಿದಳು: “ಇಷ್ಟೇಯಾ? ಹತ್ರದಲ್ಲೇ ಅದಲ್ಲ.”

ನಿಜ, ಹತ್ತಿರ. ಎರಡು ಬಸ್ಸು ಬದಲಾಯಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುವಷ್ಟು.

ಎಲೆ ಮೂಡಲ ಬಾಗಿಲಿಗೆ ಎದುರಾಗಿ ಬಿತ್ತು, ಎಂದಿನ ಜಾಗದಲ್ಲಿ, ಒಂದೇ ಎಲೆ. ಅಮ್ಮ ಬಡಿಸಿದಳು. ಬಾಗಿಲು ಮುಂದೆ ಮಾಡಿ ನಾವು ಹೊರಗೆ ಹೋಗಬೇಕಾದಾಗ ಅವಳೂ ಎದ್ದು ನಮ್ಮ ಜೊತೆ ಹೊರಗೆ ಬಂದುಬಿಟ್ಟಳು. ಅವಳಿಗೂ ಅದೇ ರೂಢಿ. ಅಪ್ಪ, “ನೀನ್ ಒಳ್ಗಿರವ್ವ, ನಿಂಗೇ ಇಕ್ಕಿರೋದು” ಅಂದಾಗ ನಕ್ಕು ಒಳಗೆ ಹೋದಳು. ನಾವು ಮೂವರು ಅಂಗಳದಲ್ಲಿ ನಿಂತೆವು. ಬಾಗಿಲ ಸಂದಿಯಿಂದ ನೋಡಬಾರದು ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡಿದ್ದೇನೆ. ಅವತ್ತು ನೋಡಿದೆ. ಅವಳು ಅನ್ನ ಕಲಸಿ ಮೊದಲ ತುತ್ತು ಎತ್ತಿದಳು, ಬಾಯಿಗೆ ಇಡದೆ ಹಿಡಿದುಕೊಂಡಳು, ಆಮೇಲೆ ಉಂಡಳು. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಹಸುವಿನ ಕೊರಳ ಹಗ್ಗ ಸರಿಮಾಡುತ್ತಿದ್ದ, ಸರಿಯಾಗಿದ್ದ ಹಗ್ಗವನ್ನೇ.

ಅರ್ಧ ಉಂಡು ಅವಳು ನಮ್ಮನ್ನು ಕರೆದಳು. “ಒಬ್ಳೇ ಉಣ್ಣಕ್ಕಾಗದು, ಬನ್ನಿ” ಅಂದಳು. ನಾವು ಬೇರೆ ಎಲೆ ಹಾಕಿಕೊಂಡು ಪಕ್ಕದಲ್ಲಿ ಕೂತೆವು. ಊಟದ ನಡುವೆ ಅವಳು ಅಪ್ಪನನ್ನು ಕೇಳಿದಳು:

“ಇನ್ಮೇಲೆ ಈ ಎಲೆ ಬ್ಯಾಡ ಅಲ್ವಾ? ಬಂದಾಯ್ತಲ್ಲ ನಾನು.”

ಅಪ್ಪ ಸಾರು ಕಲಸುತ್ತಿದ್ದವನು ನನ್ನ ಕಡೆ ಬೆರಳು ತೋರಿಸಿದ. “ಇವ್ಳು ಓದ್ಮೇಲೆ ಇಕ್ಬೇಕಲ್ಲ. ಮಾಂಬಳ್ಳಿಯವ್ಳಿಗೂ ಇಕ್ಬೇಕು, ಇಲ್ದಿದ್ರೆ ಸೀರೆ ವಾಪಸ್ ಕೊಡ್ತಾಳಂತೆ.”

ನಾನು ಎಲೆ ನೋಡುತ್ತ ಉಂಡೆ. ಅಪ್ಪನ ಕೈ ಇರುವವರೆಗೆ ಇಡುತ್ತಾನೆ. ಆಮೇಲೆ? ಆ ಪ್ರಶ್ನೆಯನ್ನು ಅವತ್ತು ಯಾರೂ ಕೇಳಲಿಲ್ಲ. ಯಾವ ಊರಿನ ಯಾವ ಅಡಿಗೆಮನೆಯಲ್ಲಿ ನಿಂತು ನಾನು ಈ ಬಾಗಿಲನ್ನು ನೆನೆಸಿಕೊಳ್ಳುತ್ತೇನೋ ಗೊತ್ತಿಲ್ಲ. ಮನೆ ಬಿಡುವ ಮೊದಲೇ ನನಗೆ ಮನೆಯ ನೆನಪು ಶುರುವಾಗಿತ್ತು.

ಸಂಜೆಯ ಬಸ್ಸಿಗೆ ಅವಳು ಹೊರಟಾಗ ಅಪ್ಪ ಅಮ್ಮನಿಗೆ, “ಮಡ್ಲು ತುಂಬು” ಅಂದ. ಅದು ತವರಿಂದ ಹೊರಡುವ ಮಗಳಿಗೆ ಮಾಡುವುದು. ಅಮ್ಮ ನಮ್ಮ ಗದ್ದೆಯ ಅಕ್ಕಿ, ಕೊಬ್ಬರಿ, ವೀಳ್ಯದೆಲೆಯನ್ನು ಅವಳ ಸೆರಗಿಗೆ ತುಂಬಿದಳು. ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಎಷ್ಟು ವರ್ಷದ ಮೇಲೋ, ಲೆಕ್ಕ ಅವಳಿಗೆ ಗೊತ್ತು, ನಾನು ಕೇಳಲಿಲ್ಲ.

“ಓಗ್ಬತ್ತೀನಿ” ಅಂದಳು.

ಬಸ್ಸಿನಲ್ಲಿ ಅವಳು ವೈರ್ ಬ್ಯಾಗನ್ನು ಕಾಲ ಬಳಿ ಇಟ್ಟು, ಮಡಿಲ ಅಕ್ಕಿಯನ್ನು ಮಾತ್ರ ಬ್ಯಾಗಿಗೆ ಸುರಿಯದೆ ಹಾಗೇ ಹಿಡಿದು ಕೂತಳು. ಬಸ್ಸು ತಿರುವು ದಾಟುವವರೆಗೂ ಅಪ್ಪ ರಸ್ತೆಯಲ್ಲೇ ಇದ್ದ.

ರಾತ್ರಿ ಡೈರಿ ತೆಗೆದು ತಾರೀಕು ಬರೆದೆ. ಅಜ್ಜೀಪುರದ ಮುಂದಿನ ಸೊನ್ನೆ ಹೊಡೆದು ಹಾಕಿ ಒಂದು ಅಂತ ಮಾಡಿದೆ. ಆಮೇಲೆ ಹಾಳೆ ಹಿಂದಕ್ಕೆ ತಿರುವಿ ಮಾಂಬಳ್ಳಿಯದನ್ನೂ ಹಾಗೇ ಮಾಡಿದೆ. ಉಳಿದ ಊರುಗಳ ಸೊನ್ನೆಗಳನ್ನು ನೋಡುತ್ತ ಕೂತೆ. ಅವುಗಳಲ್ಲಿ ಎಷ್ಟು ನಿಜವಾಗಿ ಸೊನ್ನೆಯೋ ನನಗೆ ತಿಳಿಯದು. ಎಲ್ಲ ಊರಿಗೂ ಮತ್ತೆ ಹೋಗಬೇಕು, ಈ ಸಲ ಒಳಗೆ ಸೊಪ್ಪು ಹೆಚ್ಚುತ್ತಿರುವವರನ್ನು ಕೇಳಬೇಕು.